ಹುಲ್ಲು ಮುಚ್ಚುವ ತನಕ

ಯಾರಾದರೂ ಗುದ್ದಲಿ ಎತ್ತಿದರೆ ಸಾಕು, ನಮ್ಮ ಮಣ್ಣು ಸಂರಕ್ಷಣಾ ಕಚೇರಿಯ ಇನ್ಸ್‌ಪೆಕ್ಟರು ಟೇಪು ಹಿಡಿದು ಹಾಜರ್. ಅಗೆದರೂ, ತುಂಬಿದರೂ, ಬರೀ ಹುಲ್ಲು ಕಿತ್ತರೂ ಕಾನೂನಿನ ಪ್ರಕಾರ ಅದು ನೆಲ ಕೆದಕಿದಂತೆಯೇ. ಆ ಕಲಮು ಅವರಿಗೆ ಬಾಯಿಪಾಠ. ಕಟ್ಟಡದ ಮೇಸ್ತ್ರಿ, "ಸಾರ್, ಒಂದೇ ಒಂದು ಬುಟ್ಟಿ ಮಣ್ಣು ತೆಗ್ದಿದ್ದು" ಎಂದು ಹಲ್ಲುಗಿಂಜಿದರೆ, "ಬುಟ್ಟಿ ವಿಷಯ ಆಮೇಲೆ. ನೆಲ ಮೊದಲಿನ ಹಾಗೇ ಇದೆಯೇನಪ್ಪಾ?" ಎನ್ನುತ್ತಾರೆ. ಪಾರ್ಕಿನಲ್ಲಿ ಮಕ್ಕಳು ತೋಡಿದ ಗುಂಡಿಯನ್ನೂ ಬಗ್ಗಿ ನೋಡದೆ ಮುಂದೆ ಹೋಗುವವರಲ್ಲ. ಕೆಲಸ ಮುಗಿದ ಜಾಗಕ್ಕೂ ತಿಂಗಳು ತಿಂಗಳು ಹೋಗಿ, ಮುಕ್ಕಾಲು ಪಾಲು ಹುಲ್ಲು ಮುಚ್ಚಿದ ಮೇಲಷ್ಟೇ ನೆಲ ಸುಧಾರಿಸಿತೆಂದು ಬರೆದು ಫೈಲು ಮುಗಿಸುತ್ತಾರೆ. ಸಂಜೆ ಮನೆಗೆ ಹೋಗಲು ಅವಸರವಿಲ್ಲದವರು ಕಚೇರಿಯಲ್ಲಿ ಅವರೊಬ್ಬರೇ. ಹೋದ ಭಾನುವಾರ ನನ್ನ ಸೋದರತ್ತೆಯ ಸಮಾಧಿ ನೋಡಲು ಹೋದಾಗ ಅವರು ಅಲ್ಲಿದ್ದರು. ಅವರ ಹೆಂಡತಿಯನ್ನು ಮಣ್ಣು ಮಾಡಿ ಮೂರು ವರ್ಷವಾಗಿತ್ತು. ಸುತ್ತಲಿನ ಸಮಾಧಿಗಳೆಲ್ಲ ಹಸಿರು. ಅದೊಂದು ಮಾತ್ರ ನಿನ್ನೆ ಮುಚ್ಚಿದಂತೆ ಬರೀ ಮಣ್ಣು. ಇನ್ಸ್‌ಪೆಕ್ಟರು ಕುಕ್ಕರಗಾಲಿನಲ್ಲಿ ಕೂತು, ಆಗಷ್ಟೇ ಚಿಗುರಿದ ಹುಲ್ಲನ್ನು ಒಂದೊಂದೇ ಎಳೆಯಾಗಿ ಬೇರುಸಮೇತ ಕೀಳುತ್ತಿದ್ದರು. "ಬಿಡಿ ಸಾರ್, ಬೆಳೆದು ಮುಚ್ಚಲಿ" ಎಂದೆ. ಅವರು ತಲೆ ಎತ್ತಲಿಲ್ಲ. "ಇಷ್ಟು ಬೇಗನಾ?" ಎಂದರು.