ಕರಡಕ್ಕ ಆಡಿ ನೋಡಿದ ಆಟ

ನಮ್ಮ ಕಚೇರಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಕರಡಕ್ಕ ಎಂದೇ. ಲೇಖನಗಳು ಅಚ್ಚಿಗೆ ಹೋಗುವ ಮುನ್ನ ಕರಡು ತಿದ್ದುವುದು ಅವರ ಕೆಲಸ. ಹೆಸರು ಬಂದದ್ದು ಅದರಿಂದ. ಅವರ ಕೆಂಪು ಶಾಯಿಯಿಂದ ನೊಂದ ಲೇಖಕರು ಬೆನ್ನ ಹಿಂದೆ ‘ಕರಡಿ’ ಅನ್ನುವುದೂ ಉಂಟು. ಅದು ಅವರ ಕಿವಿಗೂ ಬಿದ್ದಿದೆ. ಕಾಗುಣಿತ ತಪ್ಪಿಲ್ಲದೆ ಅಂದರೆ ಸಾಕು ಎಂದು ನಕ್ಕು ಸುಮ್ಮನಾಗಿದ್ದರು. ಅವರ ಪಕ್ಕದ ಮೇಜಿನಲ್ಲಿ ಕೂತು ಪುಟ ಜೋಡಿಸುವವನು ನಾನು. ಆದ್ದರಿಂದ ಈ ಸಂಗತಿಯಲ್ಲಿ ಅರ್ಧ ನಾನು ಕಂಡದ್ದು, ಇನ್ನರ್ಧ ಅವರೇ ಹೇಳಿದ್ದು.

ನಮ್ಮದು ಮೂರು ತಿಂಗಳಿಗೊಮ್ಮೆ ಬರುವ ಸಂಶೋಧನಾ ಪತ್ರಿಕೆ. ಆಟ, ಆಟಿಕೆ, ಚಿತ್ರಕಥೆ, ಸಿನಿಮಾ ಪೋಸ್ಟರು, ಬೀದಿಯಲ್ಲಿ ಜನ ಗುನುಗುವ ಹಾಡು, ಇಂಥವುಗಳ ಬಗ್ಗೆ ವಿದ್ವಾಂಸರು ಬರೆದದ್ದನ್ನು ಅಚ್ಚು ಹಾಕುತ್ತೇವೆ. ಸೈಕಲ್ ನಿಲ್ದಾಣದ ಮೇಲಿನ ಎರಡು ಕೋಣೆಗಳೇ ಕಚೇರಿ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಸಂಪಾದಕರು ಮತ್ತು ಮಾರಾಟವಾಗದ ಹಳೆಯ ಸಂಚಿಕೆಗಳು. ಕರಡಕ್ಕನ ಅತ್ತೆಗೆ ಈ ಉದ್ಯೋಗ ಎಂದೂ ಅರ್ಥವಾಗಿರಲಿಲ್ಲ. ಮಕ್ಕಳು ಆಡಿ ಮರೆತದ್ದನ್ನು ದೊಡ್ಡವರು ಬರೆದು ಸಂಬಳ ತೆಗೆದುಕೊಳ್ಳುತ್ತಾರೆ ಎಂದು ನೆರೆಮನೆಯವರಿಗೆ ವಿವರಿಸುತ್ತಿದ್ದರಂತೆ.

ಟೈಪಿಸ್ಟಾಗಿ ಸೇರಿದ ಕರಡಕ್ಕ ಇಪ್ಪತ್ತಾರು ವರ್ಷ ಇದೇ ಕುರ್ಚಿಯಲ್ಲಿ ಸವೆದವರು. ಓದಿದ್ದು ಹೈಸ್ಕೂಲಿನವರೆಗೆ. ಆದರೆ ಅವರ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಆಚೆ ಹೋಗುತ್ತಿರಲಿಲ್ಲ. ವಿಷಯದ ತಂಟೆಗೆ ಮಾತ್ರ ಅವರು ಹೋದವರಲ್ಲ. ಅದು ವಿದ್ವಾಂಸರಿಗೆ ಬಿಟ್ಟದ್ದು, ನನ್ನದು ಅಲ್ಪವಿರಾಮ, ಪೂರ್ಣವಿರಾಮ ಅನ್ನುತ್ತಿದ್ದರು.

ಆ ಸಲದ ಸಂಚಿಕೆಗೆ ಮೊದಲ ಲೇಖನ ಬರೆದಿದ್ದವರು ನಮ್ಮ ಸಲಹಾ ಮಂಡಳಿಯ ಅಧ್ಯಕ್ಷರೇ. ನಿವೃತ್ತ ಪ್ರೊಫೆಸರು, ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ಹೆಸರಾದವರು. ಮೂವತ್ತು ವರ್ಷದ ಹಿಂದೆ ಒಬ್ಬ ಮುದುಕಿಯಿಂದ ಅವರು ಬರೆದುಕೊಂಡಿದ್ದ ಕಲ್ಲಾಟವೊಂದಿತ್ತು. ‘ನಡುಮನೆ ಆಟ’ ಎಂದು ಅವರೇ ಅದಕ್ಕೆ ಹೆಸರಿಟ್ಟಿದ್ದರು. ಹಲಗೆಯ ಎರಡು ಬದಿಗೂ ಆರಾರು ಮನೆ, ನಡುವೆ ಒಂದೇ ಒಂದು ಮನೆ. ಒಬ್ಬೊಬ್ಬರಿಗೆ ನಾಲ್ಕು ಕಲ್ಲು. ಒಂದು ಸರದಿಗೆ ಒಂದು ಕಲ್ಲನ್ನು ಪಕ್ಕದ ಖಾಲಿ ಮನೆಗೆ ಸರಿಸಬೇಕು. ನಡುಮನೆಯನ್ನು ಹಾದು ನಾಲ್ಕನ್ನೂ ಆಚೆ ಬದಿಗೆ ಮೊದಲು ದಾಟಿಸಿದವರು ಗೆದ್ದ ಹಾಗೆ. ಆದರೆ ಈ ಆಟಕ್ಕೆ ಕೊನೆಯೇ ಇಲ್ಲ, ಅದನ್ನು ಆಡುತ್ತಿದ್ದ ಜನ ಕಾಲವನ್ನು ಅನಂತವೆಂದು ತಿಳಿದಿದ್ದಕ್ಕೆ ಇದೇ ಸಾಕ್ಷಿ ಎಂಬುದು ಪ್ರೊಫೆಸರ ಪ್ರಸಿದ್ಧ ವಾದ. ಅದನ್ನು ಆಧರಿಸಿ ನಾಲ್ಕಾರು ಮಂದಿ ಡಾಕ್ಟರೇಟು ಪಡೆದಿದ್ದರು. ಈಗಿನ ಹದಿನೆಂಟು ಪುಟ ಅದೇ ವಾದದ ಕೊನೆಯ ಮಾತು.

ಕರಡಕ್ಕ ಮೂರನೇ ಪುಟದಲ್ಲಿ ನಿಂತುಬಿಟ್ಟರು. ನಡುಮನೆಯ ನಿಯಮದ ಒಂದು ವಾಕ್ಯ ಎಷ್ಟು ಸಲ ಓದಿದರೂ ತಲೆಗೆ ಹೋಗಲಿಲ್ಲ. ತಪ್ಪು ವಾಕ್ಯದ್ದೋ ತನ್ನದೋ ತಿಳಿಯಲೆಂದು ಕರಡನ್ನು ಮನೆಗೆ ಒಯ್ದರು. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದು, ಅಂಗಿಯ ಕಪ್ಪು ಬಿಳಿ ಗುಂಡಿಗಳನ್ನಿಟ್ಟು, ಬಸ್ ಓಡಿಸುವ ಗಂಡನನ್ನು ಎದುರಿಗೆ ಕೂರಿಸಿದರು. ಗಂಡನಿಗೆ ಸೋಲುವ ಸೂಚನೆ ಸಿಕ್ಕಿದ್ದೇ ತಡ, ಒಂದು ಗುಂಡಿಯನ್ನು ನಡುಮನೆಯಲ್ಲಿ ಕೂರಿಸಿ, ಇನ್ನೊಂದನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಉಳಿದುಬಿಟ್ಟ. ಮುಕ್ಕಾಲು ಗಂಟೆ ಕಳೆದರೂ ಆಟ ಇದ್ದಲ್ಲೇ ಇತ್ತು. ನಿಯಮದಲ್ಲಿ ಅದಕ್ಕೆ ಅಡ್ಡಿಯೂ ಇರಲಿಲ್ಲ.

ಬಟ್ಟೆ ಮಡಿಸುತ್ತಿದ್ದ ಅತ್ತೆ ಎದ್ದು ಬಂದು ಮೇಜಿನ ಬಳಿ ನಿಂತರು. ಇದು ನೆಂಟರಾಟ ಅಲ್ಲವೇ, ಗುಂಡಿಯಲ್ಲಿ ಯಾಕೆ ಆಡುತ್ತಿದ್ದೀರಿ ಎಂದು ಕೇಳಿದರು. ಕರಡಕ್ಕ ಕೈಯಲ್ಲಿದ್ದ ಗುಂಡಿಯನ್ನು ಕೆಳಗಿಟ್ಟರು.

“ನಿಮಗೆ ಬರುತ್ತಾ ಅತ್ತೆ?”

“ಬರದೆ ಏನು? ನಡುವಿಂದು ನೆಂಟರ ಮನೆ ಕಣೇ. ಅಲ್ಲಿ ಮೂರು ಸರದಿ ಕೂರಬಹುದು, ಅಷ್ಟೆ. ನಾಲ್ಕನೇದಕ್ಕೆ ಎದ್ದು ಮುಂದೆ ಹೋಗಬೇಕು. ಮುಂದೆ ಜಾಗ ಇಲ್ಲದಿದ್ರೆ ವಾಪಸ್ ಮೊದಲನೇ ಮನೆಗೆ.”

“ಈ ಆಟಕ್ಕೆ ಕೊನೆಯೇ ಇಲ್ಲ ಅಂತ ಇಲ್ಲಿ ಬರೆದಿದ್ದಾರಲ್ಲ.”

“ಕೊನೆ ಇಲ್ಲದ ಆಟ ಆಡ್ಕೊಂಡು ಕೂತಿದ್ರೆ ಅಡುಗೆ ಯಾರು ಮಾಡ್ತಿದ್ರು?”

ಅತ್ತೆ ಮಗನನ್ನು ಎಬ್ಬಿಸಿ ತಾವೇ ಕೂತರು. ಎಂಟು ನಿಮಿಷಕ್ಕೆ ಸೊಸೆಯನ್ನು ಸೋಲಿಸಿ ಮತ್ತೆ ಬಟ್ಟೆ ಮಡಿಸಲು ಹೋದರು.

ಸೋಮವಾರ ಕರಡಕ್ಕ ಇದನ್ನು ಹೇಳಲು ಸಂಪಾದಕರ ಕೋಣೆಗೆ ಹೋದಾಗ ಬಾಗಿಲು ತೆರೆದೇ ಇತ್ತು, ಎಲ್ಲ ನನಗೆ ಕೇಳಿಸಿತು. ನಮ್ಮ ಸಂಪಾದಕರು ಒಳ್ಳೆಯವರೇ, ಆದರೆ ನೆರಳಿಗೂ ಹೆದರುವ ಜೀವ. ಗುರುವಾರ ಅಚ್ಚಿಗೆ ಹೋಗಬೇಕು, ಲೇಖನದ ಬುಡಕ್ಕೇ ಕೊಡಲಿ ಹಾಕಿದರೆ ಅಧ್ಯಕ್ಷರು ಪತ್ರಿಕೆಯನ್ನೇ ಮುಚ್ಚಿಸಿಯಾರು, ನಿಮ್ಮ ಅತ್ತೆಯ ಮಾತನ್ನು ಅಡಿಟಿಪ್ಪಣಿಯಲ್ಲಿ ಹಾಕುವುದು ಹೇಗೆ ಎಂದೆಲ್ಲ ಹೇಳಿದರು. ಆಮೇಲೆ ದನಿ ತಗ್ಗಿಸಿ, ನಾನು ಏನೂ ಕೇಳಿಲ್ಲ ಎಂದೇ ಇಟ್ಟುಕೊಳ್ಳಿ ಎಂದರು.

ಕರಡಕ್ಕ ಎರಡು ದಿನ ಆ ಕರಡನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಊಟದ ಡಬ್ಬಿ ತೆರೆಯದೆ ವಾಪಸ್ ಹೋಯಿತು. ತಪ್ಪೆಂದು ಗೊತ್ತಿದ್ದೂ ‘ಸರಿಯಿದೆ’ ಎಂದು ರುಜು ಹಾಕುವುದು ಅವರ ಕೈಲಾಗದ ಕೆಲಸ. ಹಾಕದಿದ್ದರೆ ಕೆಲಸ ಹೋಗುವ ಭಯ. ಬುಧವಾರ ಬೆಳಿಗ್ಗೆ ರಜೆ ಚೀಟಿ ಬರೆದು ನನ್ನ ಮೇಜಿನ ಮೇಲಿಟ್ಟರು. ಗುಂಡಿಗಳ ಡಬ್ಬಿ ಅವರ ಚೀಲದಲ್ಲಿ ಗಲಗಲ ಅನ್ನುತ್ತಿತ್ತು.

ಪ್ರೊಫೆಸರ ಮನೆ ಎರಡನೇ ಮಹಡಿಯಲ್ಲಿ. ಗೋಡೆಯುದ್ದಕ್ಕೂ ಗಾಜಿನ ಕಪಾಟುಗಳು, ಒಳಗೆ ನಾನಾ ಬಗೆಯ ಹಲಗೆ, ದಾಳ, ಕಾಯಿಗಳು, ಒಂದೊಂದಕ್ಕೂ ಸಂಖ್ಯೆಯ ಚೀಟಿ. ಬಾಗಿಲು ತೆರೆದವರೇ ಕರಡಿನಲ್ಲಿ ಏನು ತಪ್ಪು ಎಂದು ಗದರಿಸಿದ ಹಾಗೆ ಕೇಳಿದರಂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಕರಡಕ್ಕನಿಗೆ ಮರೆತೇಹೋಯಿತು. ಕರಡಿನ ಹಿಂಬದಿಯಲ್ಲಿ ಮನೆಗಳನ್ನು ಬರೆದು, ಗುಂಡಿಗಳನ್ನಿಟ್ಟು, ಒಂದು ಆಟ ಆಡೋಣ ಸರ್ ಎಂದಷ್ಟೇ ಹೇಳಿದರು.

ಆಡಿದರು. ಕರಡಕ್ಕ ಬೇಕೆಂದೇ ನಡುಮನೆಯಲ್ಲಿ ಕೂತರು. ಪ್ರೊಫೆಸರು ಹತ್ತು ಸರದಿ ತಾಳ್ಮೆಯಿಂದ ಕಾದರು. ಆಗ ಕರಡಕ್ಕ ನಮ್ಮತ್ತೆ ಹೀಗಂತಾರೆ ಎಂದು ಮೂರು ಸರದಿಯ ನಿಯಮ ಹೇಳಿ, ತಮ್ಮ ಗುಂಡಿಯನ್ನು ತಾವೇ ಎಬ್ಬಿಸಿದರು. ಆಟ ಸರಾಗವಾಗಿ ಮುಂದುವರಿದು ಮುಗಿಯಿತು. ಗೆದ್ದವರು ಪ್ರೊಫೆಸರು. ಆದರೆ ಅವರು ಹಾಳೆಯಿಂದ ಕಣ್ಣೆತ್ತಲಿಲ್ಲ. ಕರಡಕ್ಕ ಚೀಲ ಹತ್ತಿರಕ್ಕೆ ಎಳೆದುಕೊಂಡರು, ಇನ್ನೇನು ಹೊರಗೆ ಹೋಗು ಅನ್ನುತ್ತಾರೆ ಎಂದು.

ಪ್ರೊಫೆಸರು ಎದ್ದು ಕಪಾಟಿನಿಂದ ಒಂದು ಹಳೆಯ ನೋಟುಪುಸ್ತಕ ತಂದು ಕೊನೆಯ ಪುಟ ತೋರಿಸಿದರು. ಬರಹ ಅರ್ಧ ಸಾಲಿಗೆ ನಿಂತಿತ್ತು.

“ಅಜ್ಜಿ ಇನ್ನೂ ಹೇಳ್ತಾ ಇದ್ದಳು. ನನಗೆ ಬಸ್ಸು ತಪ್ಪುತ್ತೆ ಅಂತ ಅವಸರ. ಮತ್ತೆ ಬರ್ತೀನಿ ಅಂದೆ. ಹೋಗುವಷ್ಟರಲ್ಲಿ ಅವಳೇ ಇರಲಿಲ್ಲ.”

ಇದ್ದಷ್ಟನ್ನೇ ಬರೆದು ಅಚ್ಚು ಹಾಕಿಸಿದ್ದು, ಆಟ ಮುಗಿಯುತ್ತಿಲ್ಲ ಎಂದು ಆಮೇಲೆ ಹೊಳೆದದ್ದು, ಅದಕ್ಕೊಂದು ದೊಡ್ಡ ಅರ್ಥ ಹಚ್ಚಿದ್ದು, ಜನ ಮೆಚ್ಚಿದ್ದು, ತಪ್ಪೆಂದು ಒಪ್ಪಲು ಬಾಯಿ ಬಾರದೆ ಹೋದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಕೊಂಡರು. ಮಧ್ಯೆ ಕನ್ನಡಕ ತೆಗೆದು ಒರೆಸಿದರು.

“ಯಾರಾದ್ರೂ ಬಂದು ಹೇಳ್ತಾರೆ ಅಂತ ಮೂವತ್ತು ವರ್ಷ ಕಾದೆನಮ್ಮ. ಎಲ್ಲರೂ ಓದಿದರು. ಒಬ್ಬರೂ ಆಡಿ ನೋಡಲಿಲ್ಲ.”

ಆಮೇಲೆ ನಿಮ್ಮತ್ತೆ ಮನೆಯಲ್ಲಿದ್ದಾರೆಯೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ಚಪ್ಪಲಿ ಮೆಟ್ಟಿದರು. ಕರಡಕ್ಕ ಗುಂಡಿಗಳನ್ನು ಡಬ್ಬಿಗೆ ತುಂಬಿಕೊಂಡು ಹಿಂದೆಯೇ ಮೆಟ್ಟಿಲಿಳಿದರಂತೆ.

ಅತ್ತೆ ಬಂದವರಿಗೆ ಮೊದಲು ಚಹಾ ಕೊಟ್ಟು, ಆಮೇಲೆ ಎರಡು ಸಲ ಸೋಲಿಸಿದರು. ಪ್ರೊಫೆಸರು ಈ ಸಲ ಅವಸರ ಮಾಡಲಿಲ್ಲ. ಎಲ್ಲಿ ಕಲಿತಿರಿ, ಯಾರು ಯಾರು ಆಡುತ್ತಿದ್ದರು, ಜಗಳವಾದರೆ ತೀರ್ಪು ಯಾರದು ಎಂದೆಲ್ಲ ಕೇಳಿ ಇಪ್ಪತ್ತು ಪುಟ ಬರೆದುಕೊಂಡರು. ಅತ್ತೆ ಮೂರು ದಿನ ಬಿಡದೆ ಹೇಳಿದರು. ಅಷ್ಟು ಗಮನ ಕೊಟ್ಟು ತನ್ನ ಮಾತು ಕೇಳಿದವರು ಈ ಮನೆಯಲ್ಲಿ ಯಾರಿದ್ದಾರೆ ಎಂದು ಮಗನಿಗೆ ಕುಟುಕಿದ್ದೂ ಆಯಿತು.

ಲೇಖನ ವಾಪಸಾಯಿತು. ತಪ್ಪೊಪ್ಪಿಕೊಂಡು ಬರೆದ ಹೊಸ ಲೇಖನ ಹನ್ನೊಂದು ದಿನದಲ್ಲಿ ಬಂತು. ಅತ್ತೆಗೆ ಕೃತಜ್ಞತೆ ಅಡಿಟಿಪ್ಪಣಿಯಲ್ಲಲ್ಲ, ಮೊದಲ ಸಾಲಿನಲ್ಲೇ. ಕರಡಕ್ಕ ಅದರಲ್ಲೂ ಹದಿನಾಲ್ಕು ತಪ್ಪು ಹುಡುಕಿದರು. ಪ್ರೊಫೆಸರು ಎಲ್ಲಕ್ಕೂ ಒಪ್ಪಿಗೆಯ ಗುರುತು ಹಾಕಿ ಕಳಿಸಿದಾಗ ನಮ್ಮ ಸಂಪಾದಕರು ಕುರ್ಚಿಗೆ ಒರಗಿ ನಿರಾಳವಾಗಿ ಉಸಿರು ಬಿಟ್ಟದ್ದನ್ನು ನಾನು ನೋಡಿದೆ. ಸಂಚಿಕೆ ಮೂರು ವಾರ ತಡವಾಯಿತು, ಯಾರೂ ಕೇಳಲಿಲ್ಲ. ಬದಲಿಗೆ ಓದುಗರ ಪತ್ರ ಬಂದವು: ನಮ್ಮಲ್ಲೂ ಈ ಆಟವಿದೆ, ನಮ್ಮಲ್ಲಿ ಎರಡೇ ಸರದಿ ಎಂದೊಬ್ಬರು, ಐದು ಎಂದಿನ್ನೊಬ್ಬರು. ಐದು ಸರದಿ ಕೂರಿಸಿಕೊಳ್ಳುವವರು ಅದೆಂಥ ಜನವಿರಬೇಕು ಎಂದು ಅತ್ತೆ ಯೋಚಿಸಿದರಂತೆ.

ಈಗ ನಮ್ಮ ಕಚೇರಿಯಲ್ಲಿ ಆಟದ ಲೇಖನ ಬಂದರೆ ಮೊದಲು ಆಡಿ ನೋಡುವುದು ಪದ್ಧತಿ. ಹೋದ ತಿಂಗಳು ನಾಲ್ವರು ಆಡುವ ಇಸ್ಪೀಟಿನ ಆಟವೊಂದು ಬಂತು. ಮೂರು ಗಂಟೆಗೆ ಬಾಗಿಲು ಮುಂದೆ ಮಾಡಿ ನಾನು, ಕರಡಕ್ಕ, ಸಂಪಾದಕರು ಕೂತೆವು. ನಾಲ್ಕನೆಯ ಕೈಗೆ ಅಂಚೆಯವರನ್ನು ಹಿಡಿದು ಕೂರಿಸಿದೆವು. ಸಂಪಾದಕರು ಸತತವಾಗಿ ಸೋತರು. ಕರಡಕ್ಕ ಎಲೆಗಳನ್ನು ಕಲೆಸುತ್ತ, ನಿಯಮ ಸರಿಯಿದೆ, ಏಳನೇ ಸಾಲಿನಲ್ಲಿ ಒಂದು ಅಲ್ಪವಿರಾಮ ಮಾತ್ರ ಬೇಕು ಎಂದರು.