ಅಜ್ಜನ ಗಂಟಲು, ನಮ್ಮವರ ಆಂಪ್ಲಿಫೈಯರ್

ನನ್ನ ಗಂಡ ಕಟ್ಟಡಗಳಿಗೆ ವೈರಿಂಗ್ ಮಾಡುವವರು. ಗೋಡೆಯೊಳಗೆ ಪೈಪು ಹೂತು, ತಂತಿ ಎಳೆದು, ಸ್ವಿಚ್ಚು ಕೂರಿಸಿ, ಬಲ್ಬು ಹತ್ತಿತೆಂದರೆ ಅವರ ಕೆಲಸ ಮುಗಿಯಿತು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಗೋವೆಯ ಮಡಗಾವಿನಲ್ಲಿ, ಮೋತಿ ಡೊಂಗರ್ ಗುಡ್ಡದ ಮೇಲಿನ ನಮ್ಮ ಓಣಿಯ ಭಜನಾ ಮಂಡಳಿಗೆ ಒಂದು ಹಳೆಯ ಆಂಪ್ಲಿಫೈಯರ್ ಇತ್ತು. ಒಂದು ಮಳೆಗಾಲದಲ್ಲಿ ಅದು ತೇವ ಹಿಡಿದು ಮೂಕಾಯಿತು. ಹೊಸದು ತರೋಣ ಎಂದು ಹಿರಿಯರು ಕೂತು ಮಾತಾಡುತ್ತಿದ್ದಾಗ ನಮ್ಮವರು ಎದ್ದು ನಿಂತು, "ತರೂದು ಬ್ಯಾಡ್ರಿ. ನಾನ ಮಾಡಿ ಕೊಡ್ತೇನಿ" ಎಂದುಬಿಟ್ಟರು.

ನಾನು ಹೆಂಗಸರ ಸಾಲಿನಲ್ಲಿದ್ದೆ. ನಮ್ಮ ಮನೆಯ ಮಿಕ್ಸರ್ ಕೆಟ್ಟು ಆಗ ಎರಡು ತಿಂಗಳಾಗಿತ್ತು. ಆ ವಿಷಯವನ್ನು ನಾನು ಸಭೆಯ ಮುಂದೆ ಎತ್ತಲಿಲ್ಲ.

ನನ್ನ ಕೆಲಸವೂ ತಂತಿ ತವರಗಳದ್ದೇ. ಮಡಗಾವಿನ ಹೊರಗಿನ ಒಂದು ಕಾರ್ಖಾನೆಯಲ್ಲಿ ದಿನವಿಡೀ ಭೂತಗನ್ನಡಿಯ ಕೆಳಗೆ ಸರ್ಕಿಟ್ ಬೋರ್ಡುಗಳನ್ನಿಟ್ಟು ಬೆಸುಗೆ ಸರಿಯಾಗಿದೆಯೋ ಇಲ್ಲವೋ ನೋಡುವುದು, ತಪ್ಪಿದ್ದಲ್ಲಿ ಕೆಂಪು ಚುಕ್ಕೆ ಇಡುವುದು. ಸರ್ಕಿಟ್ ಯಾಕೆ ಹಾಗಿದೆ ಎಂದು ಯಾರೂ ನನ್ನನ್ನು ಕೇಳುವುದಿಲ್ಲ, ನಾನೂ ಯಾರನ್ನೂ ಕೇಳುವುದಿಲ್ಲ. ನಮ್ಮವರು ಮೊಬೈಲಿನಲ್ಲಿ ವಿಡಿಯೋ ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದುಕೊಂಡು, ನನ್ನ ಚಪಾತಿ ಮಣೆಯನ್ನೇ ಮೇಜು ಮಾಡಿಕೊಂಡು ಕೂತರು. ಎರಡು ಬೆಸುಗೆಗಳು ದೂರದಿಂದಲೇ ಕೆಂಪು ಚುಕ್ಕೆ ಬೇಡುತ್ತಿದ್ದವು. ಹೇಳಿದೆ.

"ನಿಂದು ಕಂಪನಿ ಕೆಲಸ," ಎಂದರು. "ಇದು ಬ್ಯಾರೆ."

ಮರುದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಆ ಎರಡೂ ಬೆಸುಗೆಗಳು ಹೊಸದಾಗಿ ಹೊಳೆಯುತ್ತಿದ್ದವು. ನಾನೂ ನೋಡದವಳ ಹಾಗೆ ಇದ್ದೆ.

ಅವರಿಗೆ ಸಲ್ಲಬೇಕಾದದ್ದು ಸಲ್ಲಲೇಬೇಕು. ಮೊದಲ ಸಲ ಚಾಲೂ ಮಾಡಿದಾಗ ಪೆಟ್ಟಿಗೆಯಿಂದ ಗುಂಯ್ ಎಂಬ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಎರಡು ಭಾನುವಾರ ಕೂತು, ಅಲ್ಲಿಲ್ಲಿ ಜೋಡಿಸಿದ್ದ ಅರ್ಥಿಂಗ್ ತಂತಿಗಳನ್ನೆಲ್ಲ ಬಿಚ್ಚಿ ಒಂದೇ ಕಡೆ ತಂದು ಸೇರಿಸಿ ಆ ಸದ್ದನ್ನು ಅಡಗಿಸಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಇನ್ನಷ್ಟು ಸುಧಾರಿಸುತ್ತೇನೆ ಎಂದು ಮುಂದೆ ಮತ್ತೊಂದು ಟ್ರಾನ್ಸಿಸ್ಟರ್ ಸೇರಿಸಿದರು. ಪೆಟ್ಟಿಗೆ ಕಿರುಚಿದ ರಭಸಕ್ಕೆ ಪಕ್ಕದ ಮನೆಯ ನಾಯಿ ಆ ಮಧ್ಯಾಹ್ನ ಗುಡ್ಡ ಇಳಿದು ಹೋದದ್ದು ಸಂಜೆಯೇ ಬಂದದ್ದು. ಆ ಟ್ರಾನ್ಸಿಸ್ಟರನ್ನು ಕಿತ್ತ ಮೇಲೆಯೇ ಪೆಟ್ಟಿಗೆ ದಾರಿಗೆ ಬಂತು. ಸುಧಾರಣೆ ಅಂದರೆ ಅವರ ಲೆಕ್ಕದಲ್ಲಿ ಒಂದೇ: ಸಪ್ಪಳ ದೊಡ್ಡದಾಗಬೇಕು.

ಸೋಮವಾರ ಸಂಜೆ ಭಜನೆಗೆ ಪೆಟ್ಟಿಗೆ ಬಂತು. ಬಂದರಿನಲ್ಲಿ ಮೂಟೆ ಹೊರುವ ಇಬ್ಬರು ಅಣ್ಣತಮ್ಮಂದಿರು ಮೊದಲು ಹಾಡಿದರು. ಅವರಿಗೆ ಮೈಕಿನ ಅಗತ್ಯವೇ ಇಲ್ಲ. ಆದರೂ ಪೆಟ್ಟಿಗೆ ಚೆನ್ನಾಗಿಯೇ ಮೊಳಗಿತು, ಜನ ತಲೆದೂಗಿದರು, ನಮ್ಮವರು ಗೋಡೆಗೊರಗಿ ಮೀಸೆಯ ಮೇಲೆ ಕೈಯಾಡಿಸಿದರು. ಆಮೇಲೆ ಅಜ್ಜನ ಸರದಿ.

ಈ ಅಜ್ಜ ವಿಜಯಪುರದ ಕಡೆಯವರು. ನಲವತ್ತು ವರ್ಷ ಗೋವೆಯಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿ, ಈಗ ಮಗ ಸೊಸೆಯ ಜೊತೆ ನಮ್ಮ ಮನೆಯಿಂದ ನಾಲ್ಕು ಮೆಟ್ಟಿಲು ಮೇಲೆ ಇರುತ್ತಾರೆ. ತತ್ವಪದ ಹಾಡುತ್ತಾರೆ. ಅವರದೊಂದು ರೀತಿ ಇದೆ: ಪದದ ಕೊನೆಯ ಸಾಲಿಗೆ ಬಂದಾಗ ದನಿಯನ್ನು ಇಳಿಸುತ್ತ ಇಳಿಸುತ್ತ ನೂಲಿನ ಎಳೆಯಷ್ಟು ಮಾಡಿ ಅಲ್ಲೇ ಒಂದು ಗಳಿಗೆ ನಿಲ್ಲಿಸುತ್ತಾರೆ. ಅಷ್ಟು ಹೊತ್ತು ಗದ್ದಲದ ಮಕ್ಕಳೂ ಸುಮ್ಮನಾಗುತ್ತವೆ. ಅವತ್ತು ಆ ಎಳೆ ಸ್ಪೀಕರಿನಿಂದ ಹರಿದು ಚಿಂದಿಯಾಗಿ ಬಂತು, ಮರಳಿನ ಮೇಲೆ ತಗಡು ಎಳೆದ ಹಾಗೆ. ಅಜ್ಜ ನಡುವೆಯೇ ನಿಂತು ಕೆಮ್ಮಿದರು. ಮತ್ತೆ ಹಾಡಿದರು. ಮತ್ತೆ ಅದೇ.

ನಮ್ಮವರು ಬಲು ಕಾಳಜಿಯಿಂದ ಮುಂದೆ ಬಾಗಿ, "ಅಜ್ಜಾರ, ನಿಮ್ಮ ದನಿ ಯಾಕೋ ಒಡದೈತಿ ನೋಡ್ರಿ. ಸ್ವಲ್ಪ ಜೋರ ಹಾಡ್ರಿ, ಚಲೋ ಬರತೈತಿ" ಎಂದರು.

ಅಜ್ಜ ಜೋರಾಗಿ ಹಾಡಿದರು. ಚಲೋ ಬಂತು. ಹಾಗಾಗಿ ತಪ್ಪು ಗಂಟಲಿನದೇ ಎಂದು ಮಂಡಳಿಯೇ ತೀರ್ಮಾನಿಸಿತು.

ಮುಂದಿನ ಸೋಮವಾರದ ಹೊತ್ತಿಗೆ ಅಜ್ಜ ತಂಬಾಕು ಬಿಟ್ಟಿದ್ದರು. ಅದರ ಮುಂದಿನ ಸೋಮವಾರ ಮಿರ್ಚಿ ಭಜಿ ಬಿಟ್ಟರು. ಬೆಳಿಗ್ಗೆ ಉಪ್ಪು ನೀರಿನಲ್ಲಿ ಗಂಟಲು ಗಳಗಳ ಮಾಡುವ ಸದ್ದು ನಮ್ಮ ಮನೆಗೆ ಕೇಳುತ್ತಿತ್ತು. ಸೊಸೆ ಕಷಾಯ ಕುದಿಸಿ ಕುದಿಸಿ ಬೇಸತ್ತಿದ್ದಳು. ಡಾಕ್ಟರು ಬ್ಯಾಟರಿ ಹಿಡಿದು ನೋಡಿ ಏನೂ ಇಲ್ಲ ಎಂದರೂ ಅಜ್ಜ ನಂಬಲಿಲ್ಲ. "ಮಶೀನ ಸುಳ್ಳ ಹೇಳತೈತೇನ?" ಎಂದರಂತೆ. ಒಂದು ತಿಂಗಳಾಗುವಷ್ಟರಲ್ಲಿ ಅವರು ಭಜನೆಗೆ ಬಂದರೂ ಹಾಡುವುದನ್ನು ನಿಲ್ಲಿಸಿದರು. ಹಿಂದೆ ಕೂತು ತಾಳ ಹಾಕುತ್ತಿದ್ದರು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಒಂದು ದಿನ ಮೊಸರಿಗೆ ಹೆಪ್ಪು ಕೇಳಲು ಅವರ ಮನೆಗೆ ಹೋದೆ. ಸೊಸೆ ನೀರು ಹಿಡಿಯಲು ಹೋಗಿದ್ದಳು. ಒಳಗೆ ಅಜ್ಜ ಮೊಮ್ಮಗಳ ತೊಟ್ಟಿಲು ತೂಗುತ್ತ ಹಾಡುತ್ತಿದ್ದರು. ಅದೇ ಪದ, ಅದೇ ಕೊನೆಯ ಸಾಲು. ದನಿ ಇಳಿಯಿತು, ಎಳೆಯಾಯಿತು, ನಿಂತಿತು. ಎಲ್ಲಿಯೂ ಒಂದು ಗೀರಿಲ್ಲ. ನಾನು ಹೆಪ್ಪಿನ ಬಟ್ಟಲು ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತೆ. ಗಂಟಲು ಸರಿ ಇದೆ. ಹಾಗಾದರೆ ಕೆಟ್ಟದ್ದು ಯಾವುದು ಎಂಬುದಕ್ಕೆ ಉಳಿದದ್ದು ಒಂದೇ ಉತ್ತರ, ಅದು ನಮ್ಮ ಮನೆಯದೇ.

ಅವರ ನೋಟ್‌ಬುಕ್ಕಿನ ನಕ್ಷೆಯ ಫೋಟೊ ತೆಗೆದುಕೊಂಡು ಕಾರ್ಖಾನೆಗೆ ಹೋದೆ. ಅಲ್ಲಿ ಟೆಸ್ಟಿಂಗ್ ವಿಭಾಗದಲ್ಲಿ ನಿವೃತ್ತಿಯ ಹತ್ತಿರ ಬಂದಿರುವ ಗೋವೆಯವರೇ ಆದ ಒಬ್ಬ ಹಿರಿಯರಿದ್ದಾರೆ. ಚಹಾದ ಹೊತ್ತಿಗೆ ತೋರಿಸಿದೆ. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ನೋಡಿ, "ಪಳೆ ಬಾಯ್, ಡಯೋಡ್ ಖಂಯ್ ಆಸಾತ್?" ಎಂದರು. ನೋಡು ತಂಗಿ, ಡಯೋಡುಗಳೆಲ್ಲಿ?

ಆಮೇಲೆ ಹಿಂದಿ ಕೊಂಕಣಿ ಬೆರೆಸಿ ವಿವರಿಸಿದರು. ಸರ್ಕಿಟ್ಟಿನ ಕೊನೆಯಲ್ಲಿ ಸ್ಪೀಕರನ್ನು ನಡೆಸಲು ಎರಡು ಟ್ರಾನ್ಸಿಸ್ಟರ್ ಇವೆ. ದನಿಯ ಅಲೆಯ ಮೇಲಿನ ಅರ್ಧ ಒಂದರ ಪಾಲು, ಕೆಳಗಿನ ಅರ್ಧ ಇನ್ನೊಂದರ ಪಾಲು. ಎರಡಕ್ಕೂ ಕೆಲಸ ಶುರುಮಾಡಲು ಅರ್ಧ ವೋಲ್ಟಿಗಿಂತ ಚೂರು ಹೆಚ್ಚು ಬೇಕು. ದೊಡ್ಡ ದನಿಗೆ ಅದು ಲೆಕ್ಕಕ್ಕಿಲ್ಲ. ಸಣ್ಣ ದನಿ ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟುವ ಕಡೆ, ಎರಡೂ ಸುಮ್ಮನಿರುವ ಜಾಗದಲ್ಲಿ ಬಿದ್ದು ಮುರಿಯುತ್ತದೆ. ನಡುವೆ ಎರಡು ಡಯೋಡ್ ಹಾಕಿದರೆ ಆ ಅರ್ಧ ವೋಲ್ಟು ಮೊದಲೇ ಸಿಕ್ಕಿ ಎರಡೂ ಸದಾ ಎಚ್ಚರವಾಗಿರುತ್ತವೆ. ಇನ್ನೂ ಏನೋ ಒಂದು ಹೇಳಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಹೂಂ ಎಂದು ಓಡಿದೆ.

ಭಾನುವಾರ ಊಟಕ್ಕೆ ಕೂತಾಗ ನಿಧಾನವಾಗಿ ತೆಗೆದೆ.

"ರೀ, ಆ ವಿಡಿಯೋದಾಗ ಎರಡು ಡಯೋಡ್ ಇದ್ದೂ ಏನ್ರಿ?"

"ಇದ್ದೂ. ನಾನ ತಗದೇನಿ."

"ಯಾಕ?"

"ಅವು ದನಿ ದೊಡ್ಡದ ಮಾಡಂಗಿಲ್ಲ. ಸುಮ್ಮ ಯಾಕ ಕುಂದರಸಬೇಕು?"

ನಾನು ಅಜ್ಜನ ತೊಟ್ಟಿಲ ಹಾಡನ್ನೂ ಕಾರ್ಖಾನೆಯ ಮಾತನ್ನೂ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಅಂದ್ರ ಇಡೀ ಕಂಪನಿಗೆ ನನ್ನ ನಕ್ಷಾ ತೋರಿಸಿ ಬಂದಿ" ಎಂದರು. ಒಬ್ಬರಿಗೆ ಮಾತ್ರ ಎಂದೆ. ಅದರಿಂದ ಏನೂ ಉಪಯೋಗವಾಗಲಿಲ್ಲ. ಎರಡು ದಿನ ನನ್ನೊಡನೆ ಉಪ್ಪು, ಸಾರು, ಬಾಗಿಲು ಹಾಕು ಇಷ್ಟರಲ್ಲೇ ವ್ಯವಹರಿಸಿದರು.

ಮೂರನೆಯ ದಿನ ಸಂಜೆ ಪೆಟ್ಟಿಗೆಯನ್ನು ಮನೆಗೆ ತಂದು, ಸ್ಪೀಕರನ್ನು ಅಡುಗೆಯ ಕಡೆ ತಿರುಗಿಸಿ, ಮೈಕನ್ನು ನನ್ನ ಕೈಗೆ ಕೊಟ್ಟರು. "ಏನರ ಮಾತಾಡು. ಸಣ್ಣಗ."

ನಾನು ಎಷ್ಟು ಮೆಲ್ಲಗೆ ಆಗುತ್ತದೋ ಅಷ್ಟು ಮೆಲ್ಲಗೆ, "ಮಿಕ್ಸರ್ ಯಾವಾಗ ರಿಪೇರಿ ಮಾಡ್ತೀರಿ" ಎಂದೆ.

ಸ್ಪೀಕರಿನಿಂದ ಹರಕು ಮುರುಕಾಗಿ ಅದೇ ಪ್ರಶ್ನೆ ಬಂತು. ನನ್ನ ಗಂಟಲಿಗೂ ಕಷಾಯ ಬೇಕು ಎನ್ನಲು ಅವರಿಗೆ ಧೈರ್ಯವಾಗಲಿಲ್ಲ. "ಖರೇ ಐತಿ" ಎಂದಷ್ಟೇ ಹೇಳಿ ಬೆಸುಗೆಯ ಕಡ್ಡಿ ಹುಡುಕಿದರು.

ಡಯೋಡ್ ಕೂತವು. ನಾನು ಮತ್ತೆ ಅದೇ ಪ್ರಶ್ನೆ ಕೇಳಿದೆ. ಈ ಸಲ ಅದು ಎಷ್ಟು ಸ್ವಚ್ಛವಾಗಿ ಬಂತೆಂದರೆ ಕೇಳಲಿಲ್ಲ ಎನ್ನಲು ಅವರಿಗೆ ದಾರಿಯೇ ಇರಲಿಲ್ಲ. ಖುಷಿಯಲ್ಲಿ ಅರ್ಧ ಗಂಟೆ ಮೊಬೈಲಿನ ಹಾಡು ಹಾಕಿದರು. ಆಗ ವಾಸನೆ ಬಂತು. ಬಿಸಿ ಇಳಿಯಲೆಂದು ಅಲ್ಯೂಮಿನಿಯಂ ತಗಡಿಗೆ ಬಿಗಿದಿದ್ದ ಒಂದು ಟ್ರಾನ್ಸಿಸ್ಟರ್ ಕಾದು ಹೆಂಚಿನಂತಾಗಿ ಸುಟ್ಟು ಹೋಗಿತ್ತು.

ಕಾರ್ಖಾನೆಯಲ್ಲಿ ಗಂಟೆ ಹೊಡೆದಾಗ ಆ ಹಿರಿಯರು ಹೇಳುತ್ತಿದ್ದದ್ದು ಏನೆಂದು ನನಗೆ ಆಗ ನೆನಪಾಯಿತು. ಟ್ರಾನ್ಸಿಸ್ಟರ್ ಕಾದಷ್ಟೂ ಹೆಚ್ಚು ಕರೆಂಟು ಎಳೆಯುತ್ತದೆ, ಎಳೆದಷ್ಟೂ ಇನ್ನೂ ಕಾಯುತ್ತದೆ. ಡಯೋಡುಗಳನ್ನು ಅದೇ ತಗಡಿಗೆ ಅಂಟಿಸಿ ಕೂರಿಸಿದರೆ ಅವೂ ಜೊತೆಗೆ ಕಾದು ಆ ಎಳೆತವನ್ನು ತಗ್ಗಿಸುತ್ತವೆ. ಇದನ್ನು ಹೇಳಿದಾಗ ನಮ್ಮವರು ಸುಟ್ಟ ಟ್ರಾನ್ಸಿಸ್ಟರನ್ನು ಅಂಗೈ ಮೇಲೆ ಇಟ್ಟುಕೊಂಡು ನನ್ನತ್ತ ಚಾಚಿದರು.

"ಇದಕ್ಕ ಕೆಂಪ ಚುಕ್ಕಿ ಯಾರು ಇಡಬೇಕು?"

ನಾನು ಬೆರಳಿನಿಂದ ನನ್ನ ಹಣೆಯ ಮೇಲೇ ಚುಕ್ಕೆ ಇಟ್ಟು ತೋರಿಸಿದೆ. ಎರಡು ದಿನಗಳ ಮೇಲೆ ಅವರು ಮೊದಲ ಸಲ ನಕ್ಕದ್ದು ಅವತ್ತೇ.

ಮಡಗಾವಿನಲ್ಲಿ ಜೋಡಿ ಟ್ರಾನ್ಸಿಸ್ಟರ್ ಸಿಗದೆ ಪಣಜಿಯವರೆಗೆ ಹೋಗಿ ತಂದರು. ಡಯೋಡುಗಳನ್ನು ತಗಡಿಗೆ ಬಿಗಿದು, ಟ್ರಾನ್ಸಿಸ್ಟರುಗಳ ಕಾಲಿಗೆ ಒಂದೊಂದು ಸಣ್ಣ ರೆಸಿಸ್ಟರ್ ಕೊಟ್ಟು, ಇಡೀ ಮಧ್ಯಾಹ್ನ ಪೆಟ್ಟಿಗೆ ಓಡಿಸಿ ಮುಟ್ಟಿ ಮುಟ್ಟಿ ನೋಡಿದರು. ಬೆಚ್ಚಗಾಯಿತು, ಅಷ್ಟೇ. ಸರ್ಕಿಟ್ ಸರಿಯಾಯಿತು. ಉಳಿದದ್ದು ನಾಲ್ಕು ಮೆಟ್ಟಿಲು ಹತ್ತುವ ಕೆಲಸ. ಅದಕ್ಕೆ ಅವರು ಪಣಜಿಗೆ ಹೋಗಿ ಬಂದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಅಂಗಿ ಬದಲಿಸಿದರು, ನೀರು ಕುಡಿದರು, ಚಪ್ಪಲಿ ಮೆಟ್ಟಿ ಮತ್ತೆ ಬಿಟ್ಟು ಒಳಗೆ ಬಂದರು. ಕೊನೆಗೆ ನಾನೂ ಜೊತೆಗೆ ಹೊರಟೆ.

ಅಜ್ಜ ಕಟ್ಟೆಯ ಮೇಲೆ ಕಷಾಯದ ಲೋಟ ಹಿಡಿದು ಕೂತಿದ್ದರು.

"ಅಜ್ಜಾರ," ಎಂದರು ನಮ್ಮವರು, ನೆಲ ನೋಡುತ್ತ. "ನಿಮ್ಮ ಗಂಟಲ ಚಲೋ ಐತ್ರಿ. ನನ್ನ ಮಶೀನ ಕೆಟ್ಟಿತ್ತು. ನನಗ ಗೊತ್ತಾಗಲಿಲ್ಲ, ಮಂದಿ ಮುಂದ ಹಂಗ ಅಂದಬಿಟ್ಟೆ. ತಪ್ಪಾತ್ರಿ."

ಅಜ್ಜ ಲೋಟವನ್ನೊಮ್ಮೆ ನೋಡಿದರು, ಇವರನ್ನೊಮ್ಮೆ ನೋಡಿದರು. "ಅಂದ್ರ ಇಷ್ಟ ದಿನ ನಿನ್ನ ಡಬ್ಬಿ ರೋಗಕ್ಕ ನಾ ಔಷಧ ಕುಡದ್ನೇನ?"

"ಹೌದ್ರಿ."

"ತಂಬಾಕ ಬಿಟ್ಟಿದ್ದೂ ಅದಕ್ಕ?"

"ಹೌದ್ರಿ."

ಅಜ್ಜ ಕಷಾಯವನ್ನು ಮೋರಿಗೆ ಸುರಿದರು. ಸಿಟ್ಟು ಬಂದಿದೆಯೋ ಏನೋ ಎಂದುಕೊಂಡೆ. ಅವರು ಒಳಕ್ಕೆ ತಿರುಗಿ ಸೊಸೆಯನ್ನು ಕೂಗಿ, "ಎರಡು ಕಪ್ ಚಹಾ ಮಾಡವ್ವಾ. ಡಾಕ್ಟರು ಬಂದಾರ" ಎಂದರು. ಆದರೆ ಅವರ ಕಣ್ಣಂಚು ಒದ್ದೆಯಾಗಿತ್ತು. ಹಾಡು ಮುಗಿಯಿತು ಎಂದು ಒಳಗೊಳಗೆ ಒಪ್ಪಿಕೊಂಡುಬಿಟ್ಟಿದ್ದ ಮನುಷ್ಯ ಅವರು. ಇದು ನಮ್ಮವರಿಗೂ ಕಂಡಿತೆಂದು ಕಾಣುತ್ತದೆ, ಚಹಾ ಮುಗಿಯುವವರೆಗೆ ತಲೆ ಎತ್ತಲಿಲ್ಲ.

ಆ ಸೋಮವಾರ ಅಜ್ಜ ಹಾಡಿದರು. ಕೊನೆಯ ಸಾಲಿಗೆ ದನಿ ಇಳಿದಾಗ ನಮ್ಮವರು ಉಸಿರು ಹಿಡಿದು, ಒಂದು ಬೆರಳನ್ನು ತಗಡಿನ ಮೇಲೆ ಇಟ್ಟುಕೊಂಡೇ ಕೂತಿದ್ದರು. ಸ್ಪೀಕರಿನಿಂದ ಆ ಎಳೆ ಪೂರ್ತಿಯಾಗಿ ಬಂತು. ಹೆಂಗಸರ ಸಾಲಿನಲ್ಲಿದ್ದ ನಮಗೂ ಅಜ್ಜ ಉಸಿರು ತೆಗೆದುಕೊಂಡದ್ದು ಕೇಳಿಸಿತು.

ಈಗ ಕುಡಚಡೆ ಊರಿನ ಇನ್ನೊಂದು ಮಂಡಳಿಯವರು ತಮಗೂ ಒಂದು ಬೇಕು ಎಂದು ಹೇಳಿ ಹೋಗಿದ್ದಾರೆ. ಬಂದವರಿಗೆಲ್ಲ ನಮ್ಮವರು ಡಯೋಡಿನ ಮಹತ್ವ ವಿವರಿಸುತ್ತಾರೆ, ಅದನ್ನು ತಾವೇ ಕಂಡುಹಿಡಿದವರ ಹಾಗೆ. ಒಳಗಿನಿಂದ ಕೇಳಿಸಿಕೊಳ್ಳುತ್ತ ನಾನು ಸೊಪ್ಪು ಸೋಸುತ್ತೇನೆ. ಬಂದವರು ಹೋದಮೇಲೆ ಹೊಸ ಪೆಟ್ಟಿಗೆಯ ಬೋರ್ಡನ್ನು ತಂದು ನನ್ನ ಮುಂದೆ ಇಟ್ಟು ಆಚೆ ಹೋಗುತ್ತಾರೆ. ನಾನು ಕೈ ಒರೆಸಿಕೊಂಡು ಬೆಸುಗೆಗಳನ್ನು ಒಂದೊಂದಾಗಿ ನೋಡುತ್ತೇನೆ.