ಐದನೆಯ ತಿಂಗಳ ರಾಜೀನಾಮೆ

2022ರಲ್ಲಿ ನಾನು ಠಾಣೆಯ ಹತ್ತಿರದ ತುರ್ಭೆಯ ಒಂದು ಔಷಧ ಪ್ಯಾಕಿಂಗ್ ಕಂಪನಿಯಲ್ಲಿ ಎಚ್.ಆರ್. ಎಕ್ಸಿಕ್ಯೂಟಿವ್ ಆಗಿದ್ದೆ. ಚಿಕ್ಕ ಕಂಪನಿ, ಇನ್ನೂರಕ್ಕೆ ಸ್ವಲ್ಪ ಹೆಚ್ಚು ಜನ. ಬೇರೆಯವರು ತಯಾರಿಸಿದ ಮಾತ್ರೆಗಳನ್ನು ಸ್ಟ್ರಿಪ್‌ಗೆ ತುಂಬಿ, ಡಬ್ಬಿಗೆ ಹಾಕಿ ಕಳಿಸುವುದು ನಮ್ಮ ಕೆಲಸ. ಜನರನ್ನು ಸೇರಿಸಿಕೊಳ್ಳುವುದು, ಹಾಜರಿ, ರಜೆ ನನ್ನ ಪಾಲಿಗಿದ್ದವು. ಯಾರಾದರೂ ಬಿಟ್ಟು ಹೊರಟರೆ ಅವರನ್ನು ಕೂರಿಸಿಕೊಂಡು ಕಾರಣ ಕೇಳಿ ಬರೆದುಕೊಳ್ಳುವುದೂ ನನ್ನದೇ. ಇದಕ್ಕೆ ಎಕ್ಸಿಟ್ ಇಂಟರ್‌ವ್ಯೂ ಎನ್ನುತ್ತಾರೆ.

ಆ ವರ್ಷ ಈ ಕೊನೆಯ ಕೆಲಸವೇ ಹೆಚ್ಚಾಗಿತ್ತು. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ ಹುಡುಗಿಯರು ಬರುವುದೂ ಬೇಗ, ಹೋಗುವುದೂ ಬೇಗ. ಒಬ್ಬ ಒಂದೂವರೆ ಸಾವಿರ ಹೆಚ್ಚು ಸಿಗುತ್ತದೆಂದು ಮಹಾಪೆಗೆ ಹೋದ. ಬದಲಾಪುರದಿಂದ ಬರುತ್ತಿದ್ದ ಒಬ್ಬಳು ಬೆಳಗಿನ ಲೋಕಲ್‌ನ ನೂಕುನುಗ್ಗಲು ತಾಳದೆ ಬಿಟ್ಟಳು. ಇನ್ನೊಬ್ಬ, ನಮ್ಮ ಕ್ಯಾಂಟೀನಿನ ಮೊಳಕೆಕಾಳಿನ ಉಸಳ್ ತನಗೆ ಸೇರುವುದಿಲ್ಲ ಎಂದು ಕಾಗದದ ಮೇಲೆ ಬರೆದುಕೊಟ್ಟೇ ಹೋದ. ಇಂಥವರಿಗೆ ನಮ್ಮಲ್ಲಿ ಜಂಪಿಂಗ್ ಕೇಸ್ ಎಂಬ ಹೆಸರಿತ್ತು. ನಾನೂ ಆ ಮಾತನ್ನು ಧಾರಾಳವಾಗಿ ಬಳಸುತ್ತಿದ್ದೆ.

ಅಕ್ಷತಾ ಸಂದರ್ಶನಕ್ಕೆ ಬಂದದ್ದು ಆ ಜನವರಿಯಲ್ಲಿ. ಡೊಂಬಿವಲಿಯ ಹುಡುಗಿ, ಬಿ.ಎಸ್ಸಿ. ಓದಿದ್ದಳು, ವಯಸ್ಸು ಇಪ್ಪತ್ನಾಲ್ಕು. ತಂದೆ ತುಳುನಾಡಿನ ಕಡೆಯವರು, ಠಾಣೆಯ ನೌಪಾಡಾದ ಒಂದು ಹೋಟೆಲಿನಲ್ಲಿ ಅಡುಗೆಯವರು. ಮನೆಯಲ್ಲಿ ತುಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಿದ್ದಳು. ಇಲ್ಲೇ ಹುಟ್ಟಿದ ನಮ್ಮ ಮಕ್ಕಳೆಲ್ಲ ಹಾಗೆಯೇ, ಅದರಲ್ಲಿ ಹೊಸತೇನೂ ಇರಲಿಲ್ಲ. ಅವಳ ಫೈಲಿನಲ್ಲಿ ನಾಲ್ಕು ರಿಲೀವಿಂಗ್ ಲೆಟರ್‌ಗಳಿದ್ದವು. ನಿಯಮದಂತೆ ಕೆಲಸ ಬಿಟ್ಟವರಿಗೆ ಹಳೆಯ ಕಂಪನಿ ಕೊಡುವ ಬಿಡುಗಡೆ ಪತ್ರ ಅದು. ಎರಡೂವರೆ ವರ್ಷದಲ್ಲಿ ನಾಲ್ಕು ಕಂಪನಿ. ಹಾಳೆಯ ಅಂಚಿನಲ್ಲಿ ನಾನು ಪೆನ್ಸಿಲಿನಿಂದ ‘ನಿಲ್ಲುವುದು ಅನುಮಾನ’ ಎಂದು ಬರೆದೆ. ಆದರೂ ಜನ ಬೇಕಾಗಿದ್ದರಿಂದ ತೆಗೆದುಕೊಂಡೆವು.

ಅವಳ ಕೆಲಸ ಪ್ಯಾಕಿಂಗ್ ಲೈನಿನ ತಪಾಸಣೆ. ಅರ್ಧ ಗಂಟೆಗೊಮ್ಮೆ ಓಡುತ್ತಿರುವ ಲೈನಿನಿಂದ ಹತ್ತು ಸ್ಟ್ರಿಪ್ ಎತ್ತಿ, ಖಾಲಿ ಗುಳಿ ಇದೆಯೇ, ಒಡೆದ ಮಾತ್ರೆ ಇದೆಯೇ, ತಾರೀಖು ಸರಿ ಅಚ್ಚಾಗಿದೆಯೇ ಎಂದು ನೋಡಿ ಸಹಿ ಮಾಡಬೇಕು. ನೋಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮಾರ್ಚಿನಲ್ಲಿ ಒಮ್ಮೆ ಕೂದಲೆಳೆಯಷ್ಟು ಬಿರುಕಿದ್ದ ಮಾತ್ರೆ ಹಿಡಿದು ಲೈನ್ ನಿಲ್ಲಿಸಿದಳು. ಸೂಪರ್‌ವೈಸರ್ ಕೂಗಾಡಿದ. ತೆಗೆದು ನೋಡಿದರೆ ಹಿಂದಿನ ಮೂರು ಪೆಟ್ಟಿಗೆಗಳಲ್ಲೂ ಅಂಥದೇ ಬಿರುಕು. ನಮ್ಮ ಎಚ್.ಆರ್. ಮುಖ್ಯಸ್ಥೆ ಜೋಶಿ ಮೇಡಂ ಅವಳನ್ನು ಕರೆದು ಹೊಗಳಿದರು.

ಜೂನ್ ಮೊದಲ ವಾರದಲ್ಲಿ ಅವಳ ರಾಜೀನಾಮೆ ನನ್ನ ಮೇಜಿಗೆ ಬಂತು. ಕಾರಣದ ಜಾಗದಲ್ಲಿ ‘ವೈಯಕ್ತಿಕ’ ಎಂಬ ಒಂದೇ ಪದ. ಸೇರಿ ಐದು ತಿಂಗಳೂ ತುಂಬಿರಲಿಲ್ಲ. ಆರನೆಯ ತಿಂಗಳ ಕೊನೆಗೆ ಅವಳ ಕೆಲಸ ಖಾಯಂ ಆಗುವುದಿತ್ತು. ಜೋಶಿ ಮೇಡಂ ಮರಾಠಿಯಲ್ಲಿ, ನಿಮ್ಮ ಪೆನ್ಸಿಲ್ ಸುಳ್ಳು ಹೇಳಲಿಲ್ಲ ನೋಡಿ ಎಂದು ನಕ್ಕರು. ಇನ್ನೊಂದು ಮಾತನ್ನೂ ಹೇಳಿದರು. ಮೂರು ವರ್ಷದಲ್ಲಿ ಐದನೆಯ ಕಂಪನಿ ಬಿಟ್ಟವಳನ್ನು ಈ ಕೈಗಾರಿಕಾ ಪ್ರದೇಶದಲ್ಲಿ ಇನ್ನು ಯಾರೂ ಒಳಗೆ ಕರೆಯುವುದಿಲ್ಲ ಎಂದರು. ಅದು ನಿಜವಾಗಿತ್ತು. ನಾನೇ ಅಂಥ ಎಷ್ಟೋ ಅರ್ಜಿಗಳನ್ನು ಬದಿಗಿಟ್ಟಿದ್ದೆ.

ಸ್ವಲ್ಪ ಸಿಟ್ಟಿನಿಂದಲೇ ಫೈಲ್ ತೆರೆದೆ. ನಾಲ್ಕೂ ಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಎರಡು ಸಂಗತಿ ಕಂಡವು. ಸಂಬಳಕ್ಕಾಗಿ ಬಿಟ್ಟವಳಲ್ಲ. ಎರಡನೆಯ ಕಡೆಗಿಂತ ಮೂರನೆಯ ಕಡೆ ಕಡಿಮೆಯೇ ಇತ್ತು. ಎರಡನೆಯದಾಗಿ, ಮೊದಲ ಕಂಪನಿಯಲ್ಲಿ ಆರು ತಿಂಗಳು ದಾಟಿ ಕೆಲವು ದಿನ ಇದ್ದಳು. ಆಮೇಲಿನ ಮೂರರಲ್ಲೂ ಐದನೆಯ ತಿಂಗಳಲ್ಲಿಯೇ ಬಿಟ್ಟಿದ್ದಳು. ಒಂದರಲ್ಲಿಯೂ ಆರನೆಯದಕ್ಕೆ ಕಾಲಿಟ್ಟಿರಲಿಲ್ಲ.

ಆರನೆಯ ತಿಂಗಳಲ್ಲಿ ಏನಿರುತ್ತದೆ? ಖಾಯಂ ಪತ್ರ ಇರುತ್ತದೆ. ಅದನ್ನು ಬಿಟ್ಟು ಓಡುವವರು ಯಾರು? ಆಮೇಲೆ ನೆನಪಾಯಿತು. ಖಾಯಂ ಮಾಡುವ ಮೊದಲು ಮೆಡಿಕಲ್, ಅಂದರೆ ವೈದ್ಯಕೀಯ ತಪಾಸಣೆ, ಇರುತ್ತದೆ. ನಮ್ಮಲ್ಲಿ ಅದು ಜೂನ್ ಇಪ್ಪತ್ತಕ್ಕಿತ್ತು, ನೋಟಿಸ್ ಹಚ್ಚಿ ಮೂರು ದಿನವಾಗಿತ್ತು. ಅವಳ ಹಳೆಯ ಕಂಪನಿಗಳಲ್ಲಿ ಒಂದರಲ್ಲಿ, ಹಾಜರಿ ನೋಡುವ ಟೈಂ ಆಫೀಸಿನಲ್ಲಿ, ನನಗೆ ಗುರುತಿನವರಿದ್ದರು. ಫೋನ್ ಮಾಡಿ, ಅವಳ ಹೆಸರೆತ್ತದೆ, ನಿಮ್ಮಲ್ಲಿ ಮೆಡಿಕಲ್ ಯಾವಾಗ ಎಂದಷ್ಟೇ ಕೇಳಿದೆ. ಆರನೆಯ ತಿಂಗಳು, ಎಲ್ಲರ ಹಾಗೆಯೇ ಎಂದರು.

ಮರುದಿನ ಅವಳನ್ನು ಕರೆದೆ. ಅವಳು ಒಳಗೆ ಬಂದವಳೇ ಕುರ್ಚಿಯನ್ನು ಮೇಜಿನ ಇನ್ನೊಂದು ತುದಿಗೆ ಎಳೆದುಕೊಂಡು ಕುಳಿತಳು. ನಾನು ಪ್ರಶ್ನೆ ಓದತೊಡಗುವ ಮೊದಲೇ, “ಸರ್, ಫಾರ್ಮ್ ದೇ ದೀಜಿಯೇ ನಾ, ನಾನೇ ಬರೆದುಕೊಡ್ತೇನೆ” ಎಂದು ಕೈ ಚಾಚಿದಳು.

ನಾನು ಫಾರ್ಮ್ ಕೊಡಲಿಲ್ಲ. ಮುಚ್ಚಿಟ್ಟು ಕೇಳಿದೆ: “ಅಕ್ಷತಾ, ಮೆಡಿಕಲ್ ಅಂದ್ರ ಯಾಕ ಅಂಜ್ತಿ?”

ಅವಳು ಹಿಂದಿ, ಕನ್ನಡ ಬೆರೆಸಿ ಹೇಳಿದಳು. ನಾಲ್ಕು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ಚೆನ್ನಾಗಿದೆ. ಯಂತ್ರಗಳ ಸದ್ದಿನಲ್ಲಿ ಕೆಲಸ ಮಾಡುವವರ ಕಿವಿಯನ್ನೂ ಮೆಡಿಕಲ್‌ನಲ್ಲಿ ಪರೀಕ್ಷಿಸುತ್ತಾರೆ. ಹೆಡ್‌ಫೋನ್ ಹಾಕಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳುತ್ತಾರೆ. ಮೊದಲ ಕಂಪನಿಯಲ್ಲಿ ಎಡಗಿವಿಯ ಸರದಿ ಬಂದಾಗ ಅವಳು ಅಂದಾಜಿನ ಮೇಲೆ ಗುಂಡಿ ಒತ್ತಿದ್ದಳು. ಪರೀಕ್ಷೆ ಮಾಡುವವನು ಸದ್ದನ್ನೇ ಬಿಟ್ಟಿರಲಿಲ್ಲ. ಅವನು ಹೊರಗೆ ಸಾಲಾಗಿ ನಿಂತವರಿಗೆ ಕೇಳುವಂತೆ, ಈ ಹುಡುಗಿ ಕಿವುಡಿ, ಮೇಲಾಗಿ ಸುಳ್ಳಿ ಎಂದನಂತೆ. ವಾರದೊಳಗೆ ಬಿಡುಗಡೆ ಪತ್ರ ಕೈಗಿಟ್ಟು ಕೆಲಸದಿಂದ ತೆಗೆದರು. ಅಲ್ಲಿಂದ ಮುಂದೆ ಎಲ್ಲ ಕಡೆಯೂ ಆ ದಿನ ಬರುವ ಮೊದಲೇ ತಾನಾಗಿ ಬಿಟ್ಟಳು.

“ನಿಕಾಲ್‌ನೇ ಸೇ ಪೆಹಲೇ ಛೋಡ್ ದೋ ತೋ ಇಜ್ಜತ್ ರೆಹತೀ ಹೈ, ಸರ್” ಎಂದಳು. ತೆಗೆದುಹಾಕುವ ಮೊದಲೇ ಬಿಟ್ಟರೆ ಮಾನ ಉಳಿಯುತ್ತದೆ.

ಆ ಮಾತು ನನಗೆ ಹೊಸದಲ್ಲ. ನಾನು ಇಂಡಿ ತಾಲ್ಲೂಕಿನಿಂದ ಠಾಣೆಗೆ ಬಂದಾಗ ಓದು ಮೂರನೆಯ ಇಯತ್ತೆಗೇ ನಿಂತಿತ್ತು. ಓದಲು, ಬರೆಯಲು ಸರಿಯಾಗಿ ಬರುತ್ತಿರಲಿಲ್ಲ. ಹೋಟೆಲುಗಳಲ್ಲಿ ಒಂದು ಪದ್ಧತಿ ಇತ್ತು. ಚೆನ್ನಾಗಿ ಟೇಬಲ್ ಒರೆಸಿದವನನ್ನು ಸಪ್ಲೈಯರ್ ಮಾಡುತ್ತಿದ್ದರು, ಚೆನ್ನಾಗಿ ಸಪ್ಲೈ ಮಾಡಿದವನನ್ನು ಕೌಂಟರಿಗೆ ಕರೆದು ಬಿಲ್ ಬರೆಯಲು ಕೂರಿಸುತ್ತಿದ್ದರು. ಮಾಲೀಕರು ಪ್ರೀತಿಯಿಂದ, ನಾಳೆಯಿಂದ ನೀನು ಕೌಂಟರಿಗೆ ಬಾ ಎನ್ನುವರು. ನಾನು ಆ ನಾಳೆ ಆ ಹೋಟೆಲಿನಲ್ಲಿ ಇರುತ್ತಿರಲಿಲ್ಲ. ಠಾಣೆ, ಕಲ್ಯಾಣ, ಡೊಂಬಿವಲಿ, ಮತ್ತೆ ಕಲ್ಯಾಣ, ಹೀಗೆ ಮೂರು ವರ್ಷದಲ್ಲಿ ನಾಲ್ಕು ಹೋಟೆಲು ಬಿಟ್ಟೆ. ಬಡ್ತಿ ಕೊಟ್ಟರೆ ಓಡಿಹೋಗುವ ಹುಡುಗ ಎಂದು ನಕ್ಕವರಿಗೆ ಕಾರಣ ತಿಳಿದಿರಲಿಲ್ಲ. ಐದನೆಯ ಕಡೆಯ ಮ್ಯಾನೇಜರ್ ಒಬ್ಬರು ಬಿಲ್ ಪುಸ್ತಕ ಕೊಡುವ ಬದಲು ನನ್ನನ್ನು ಕನ್ನಡ ರಾತ್ರಿಶಾಲೆಗೆ ಸೇರಿಸಿದರು. ನಾನು ಹತ್ತನೆಯ ಇಯತ್ತೆ ಪಾಸಾದದ್ದು ಇಪ್ಪತ್ತೇಳನೆಯ ವಯಸ್ಸಿಗೆ, ಈ ಕೆಲಸಕ್ಕೆ ಬಂದದ್ದು ಆಮೇಲಿನ ಓದಿನಿಂದ.

ಇದನ್ನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅಂದು ಅಕ್ಷತಾಳಿಗೆ ಹೇಳಿದೆ. ಅವಳು ಮೊದಲು ನಂಬಲಿಲ್ಲ, ಆಮೇಲೆ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

ನೀನೇ ಮೊದಲು ಡಾಕ್ಟರಿಗೆ ಹೇಳಿಬಿಡು, ನಾನು ಜೊತೆಗಿರುತ್ತೇನೆ ಎಂದೆ. ಅವಳು ಆಗದು ಎಂದು ತಲೆಯಾಡಿಸಿದಳು. ಕಿವಿಯ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ಹನ್ನೆರಡನೆಯ ವಯಸ್ಸಿನಲ್ಲಿ ಅಪ್ಪ ದೇವರ ಮುಂದೆ ಅವಳಿಂದ ಮಾತು ತೆಗೆದುಕೊಂಡಿದ್ದರಂತೆ. ಮೊದಲ ಕೆಲಸ ಹೋದದ್ದು ಏಕೆಂಬುದೂ ಅಪ್ಪನಿಗೆ ಗೊತ್ತಿರಲಿಲ್ಲ. ನಿಮಗೆ ಹೇಳಿಯೇ ತಪ್ಪು ಮಾಡಿದೆ, ಮಾತು ತೆಗೆದುಕೊಂಡ ಅಪ್ಪನೇ ಬಿಡಿಸಬೇಕು, ನೀವೂ ಬನ್ನಿ ಎಂದಳು.

ಭಾನುವಾರ ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಅವಳೊಂದಿಗೆ ನೌಪಾಡಾಕ್ಕೆ ಹೋದೆ. ಅವಳ ತಂದೆ ಶೀನಣ್ಣ ಅಡುಗೆಮನೆಯಲ್ಲಿ ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದರು. ನಾನು ಕಂಪನಿಯವನೆಂದು ತಿಳಿದೊಡನೆ ಅವರ ಮುಖ ಬಾಡಿತು.

“ಇದನ್ನೂ ಬಿಟ್ಳಾ? ನಂಗೆ ಸಾಕಾಗಿದೆ ಮಾರಾಯ್ರೆ” ಎಂದರು. “ನಾನು ಮೂವತ್ತು ವರ್ಷ ಒಂದೇ ಒಲೆ ಎದುರು ನಿಂತವ. ಇವಳಿಗೆ ಆರು ತಿಂಗಳು ಒಂದು ಕುರ್ಚಿಯಲ್ಲಿ ಕೂರ್ಲಿಕ್ಕೆ ಆಗುದಿಲ್ಲ.”

ಅಕ್ಷತಾ ಮಾತಾಡಲು ಬಾಯಿ ತೆರೆದಳು. ಶೀನಣ್ಣ ಕೂಡಲೇ ಕೈ ಚಾಚಿ ಗೋಡೆಯ ದೊಡ್ಡ ಫ್ಯಾನನ್ನು ಆರಿಸಿದರು, ಬಂದು ಮಗಳ ಬಲಗಡೆಗೆ ನಿಂತರು. ಯೋಚಿಸಿ ಮಾಡಿದ್ದಲ್ಲ, ಇಪ್ಪತ್ತು ವರ್ಷದ ರೂಢಿ. ಅವಳು ತುಳುವಿನಲ್ಲಿ ಹೇಳತೊಡಗಿದಳು. ನನಗೆ ತುಳು ಬಾರದು. ‘ಕೆಬಿ’ ಎಂದರೆ ಕಿವಿ ಎಂಬುದು ತಿಳಿಯಿತು, ಮೆಡಿಕಲ್ ಎಂಬ ಪದ ಎರಡು ಸಲ ಬಂತು. ಫ್ಯಾನಿಲ್ಲದೆ ಒಗ್ಗರಣೆಯ ಹೊಗೆ ಅಡುಗೆಮನೆ ತುಂಬಿತು. ದೋಸೆ ಕಾವಲಿಯ ಹತ್ತಿರದ ಇಬ್ಬರು ಕೆಮ್ಮಿದರು, ಆದರೆ ಫ್ಯಾನ್ ಹಾಕಿ ಎಂದು ಯಾರೂ ಹೇಳಲಿಲ್ಲ.

ಅವಳು ಮುಗಿಸಿದ ಮೇಲೆ ಶೀನಣ್ಣ ನನ್ನ ಕಡೆ ತಿರುಗಿದರು. ದನಿ ಸಣ್ಣದಾಗಿತ್ತು.

“ನಾನು ಹೇಳಿದ್ದು ಹೆಣ್ಣು ನೋಡ್ಲಿಕ್ಕೆ ಬರುವವರಿಗೆ ಗೊತ್ತಾಗುದು ಬೇಡ ಅಂತ. ಕೆಲಸಕ್ಕೆ ಅಡ್ಡ ಬರ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ. ಇವಳು ಹೇಳ್ಲೂ ಇಲ್ಲ.”

“ಇಷ್ಟು ವರ್ಷ ನಿಮಗ ಕೊಟ್ಟ ಮಾತು ಉಳಿಸ್ಯಾಳ್ರೀ” ಎಂದೆ.

ಫೈಲಿನಲ್ಲಿ ಬರೆದರೆ ನಾಲ್ಕು ಜನಕ್ಕೆ ತಿಳಿಯುತ್ತದಲ್ಲ ಎಂದು ಕೇಳಿದರು. ತಿಳಿಯಬಹುದು ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡಲು ಮನಸ್ಸಾಗಲಿಲ್ಲ. ಡಾಕ್ಟರು ಏನು ಬರೆಯುತ್ತಾರೋ ಅದೂ ನನಗೆ ಗೊತ್ತಿಲ್ಲ ಎಂದೆ. ಅವರು ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡು ಮಗಳ ತಲೆಯ ಮೇಲೆ ಕೈ ಇಟ್ಟರು.

“ಹೇಳು ಮಗಾ. ಅದಕ್ಕಾಗಿ ನಿನ್ನನ್ನು ಬೇಡ ಅನ್ನುವವ ನಮಗೂ ಬೇಡ.”

ಸೋಮವಾರ ಅವಳು ರಾಜೀನಾಮೆ ಹಿಂದೆ ಪಡೆದಳು. ಅವಳ ಒಪ್ಪಿಗೆ ಪಡೆದು ನಾನು ಜೋಶಿ ಮೇಡಂಗೆ ವಿಷಯ ಹೇಳಿದೆ. ಅವರು ಕಷ್ಟದ ಪ್ರಶ್ನೆಯನ್ನೇ ಕೇಳಿದರು: ಲೈನಿನಲ್ಲಿ ಅಲಾರಾಂ ಆದರೆ ಅವಳಿಗೆ ಕೇಳುತ್ತದೆಯೇ? ಉತ್ತರ ಹುಡುಕಲು ಮೆಷಿನ್ ಹತ್ತಿರ ಹೋದೆವು. ಅಲಾರಾಂ ಜೊತೆಗೆ ಕೆಂಪು ದೀಪವೂ ಹೊತ್ತಬೇಕು ಎಂದು ಮೆಷಿನ್ ಪುಸ್ತಕದಲ್ಲಿಯೇ ಇತ್ತು. ದೀಪದ ಬಲ್ಬ್ ಹೋಗಿ ಎಷ್ಟು ಕಾಲವಾಗಿತ್ತೋ, ಕಿವಿ ಚೆನ್ನಾಗಿದ್ದ ನಮಗಾರಿಗೂ ಅದರ ಪರಿವೆ ಇರಲಿಲ್ಲ. ಎಲೆಕ್ಟ್ರಿಷಿಯನ್ ಅಂದೇ ಹೊಸ ಬಲ್ಬ್ ಹಾಕಿದ.

ಇಪ್ಪತ್ತರಂದು ಅವಳು ಹೆಡ್‌ಫೋನ್ ಹಾಕಿಕೊಳ್ಳುವ ಮೊದಲೇ ಡಾಕ್ಟರಿಗೆ ಎಲ್ಲ ಹೇಳಿದಳು. ಅವರು ಕಲ್ಯಾಣದಿಂದ ಬರುತ್ತಿದ್ದ ಹಿರಿಯರು, ಮಾತು ಕಡಿಮೆ. ಎರಡೂ ಕಿವಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ, ತಪಾಸಣೆ ಕೆಲಸಕ್ಕೆ ಯೋಗ್ಯಳು, ಫೋರ್ಕ್‌ಲಿಫ್ಟ್ ಓಡಾಡುವ ಗೋದಾಮಿನಲ್ಲಿ ಹಾಕಬಾರದು ಎಂದು ಬರೆದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಅವಳು ಹೊರಬಂದು ನೇರವಾಗಿ ಲೈನಿಗೆ ನಡೆದಳು, ಅರ್ಧ ಗಂಟೆಯ ತಪಾಸಣೆಗೆ ಹೊತ್ತಾಗಿತ್ತು. ಜುಲೈಯಲ್ಲಿ ಖಾಯಂ ಪತ್ರ ಸಿಕ್ಕಿತು.

ನಮ್ಮಲ್ಲಿ ಅವಳು ಒಟ್ಟು ಎರಡು ವರ್ಷ ಹತ್ತು ತಿಂಗಳು ಇದ್ದಳು. ಕೊನೆಗೆ ಅವಳೂ ಬಿಟ್ಟಳು. ಐರೋಲಿಯ ದೊಡ್ಡ ಕಂಪನಿಯೊಂದರಲ್ಲಿ ಇಡೀ ತಪಾಸಣಾ ವಿಭಾಗದ ಒಂದು ಪಾಳಿ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಇಷ್ಟೆಲ್ಲ ಮಾಡಿದ್ದಕ್ಕೆ ಇದೇನಾ ಎಂದು ಜೋಶಿ ಮೇಡಂ ಬೇಸರಿಸಿದರು. ನನಗೆ ಬೇಸರವಾಗಲಿಲ್ಲ. ಆ ಕಂಪನಿಯ ಅರ್ಜಿಯ ಪ್ರತಿಯನ್ನು ಅವಳು ನನಗೆ ತೋರಿಸಿದ್ದಳು. ಯಾರೂ ಕೇಳುವ ಮೊದಲೇ, ಮೊದಲ ಪುಟದಲ್ಲಿ, ತನ್ನ ಎಡಗಿವಿಯ ಬಗ್ಗೆ ಒಂದು ಸಾಲು ಬರೆದಿದ್ದಳು.

ನಾನು ಕಳೆದ ವರ್ಷ ನಿವೃತ್ತನಾದೆ. ಡೊಂಬಿವಲಿಯಲ್ಲಿ ನಮ್ಮವರು ಸೇರಿದಾಗ ಒಬ್ಬರಾದರೂ, ಮಗ ಎರಡು ವರ್ಷದಲ್ಲಿ ಮೂರು ಕೆಲಸ ಬಿಟ್ಟ, ಬುದ್ಧಿ ಹೇಳಿ ಎನ್ನುತ್ತಾರೆ. ಹೆಚ್ಚಿನ ಮಕ್ಕಳು ಒಳ್ಳೆಯದನ್ನು ಹುಡುಕುತ್ತ ಹೋಗುತ್ತಾರೆ, ಹೋಗಲಿ, ಆ ವಯಸ್ಸು ಅದಕ್ಕೇ ಇರುವುದು. ಆದರೆ ಬಿಟ್ಟ ಕೆಲಸಗಳು ಎಷ್ಟು ಎಂದು ಎಣಿಸುವುದನ್ನು ನಾನು ಬಿಟ್ಟಿದ್ದೇನೆ. ಯಾವ ದಿನ ಬಿಟ್ಟರು, ಬಿಡದಿದ್ದರೆ ಮುಂದೆ ಅಲ್ಲಿ ಏನು ನಡೆಯುವುದಿತ್ತು ಎಂದು ಮಾತ್ರ ಕೇಳುತ್ತೇನೆ. ಅದನ್ನು ಮಗನ ಪಕ್ಕದಲ್ಲಿ ಕುಳಿತು, ಬೈಯದೆ ಕೇಳಿ ಎಂದು ಅಪ್ಪಂದಿರಿಗೆ ಹೇಳುತ್ತೇನೆ.